ಹನ್ನೊಂದು ಸಲ ಬಿಚ್ಚಿದ ಕಾರ್ಬುರೇಟರ್

ಭಾವನ ವಿಮಾನದ ಎಂಜಿನ್ ಎರಡನೆಯ ಸಲವೂ ಆಕಾಶದಲ್ಲೇ ನಿಂತುಹೋಯಿತು. ವಿಮಾನವೆಂದರೆ ಜನ ಹತ್ತಿ ಕೂರುವಂಥದ್ದಲ್ಲ. ಈ ರೆಕ್ಕೆಯ ತುದಿಯಿಂದ ಆ ರೆಕ್ಕೆಯ ತುದಿಗೆ ಎರಡೂವರೆ ಮೀಟರ್ ಇರುವ, ಪೆಟ್ರೋಲ್ ಕುಡಿದು ಹಾರುವ ಮಾದರಿ ವಿಮಾನ. ನೆಲದ ಮೇಲೆ ನಿಂತು, ಕೈಯಲ್ಲಿ ರಿಮೋಟ್ ಹಿಡಿದು ಹಾರಿಸುತ್ತಾರೆ. ಈ ವ್ಯತ್ಯಾಸವನ್ನು ಭಾವನಿಗೆ ನೆನಪಿಸುವ ಧೈರ್ಯ ಮಾತ್ರ ಅಕ್ಕನೊಬ್ಬಳನ್ನು ಬಿಟ್ಟರೆ ಯಾರಿಗೂ ಇರಲಿಲ್ಲ.

ವಿಮಾನ ಮೈದಾನದ ಕೊನೆಯ ಹುಲ್ಲಿನಲ್ಲಿ ಹೊಟ್ಟೆ ಉಜ್ಜಿಕೊಂಡು ಇಳಿದು, ಒಂದು ಚಕ್ರ ಕಳೆದುಕೊಂಡು ಮಲಗಿತು. ಭಾವ ರಿಮೋಟನ್ನು ಎದೆಗೆ ಅವಚಿಕೊಂಡು, ಕ್ಲಬ್ಬಿನ ಅಷ್ಟೂ ಜನರಿಗೆ ಕೇಳಿಸುವ ಹಾಗೆ ಹೇಳಿದರು.

"ಹಾರಿಸೋದರಲ್ಲಿ ಏನೂ ತಪ್ಪಿಲ್ಲಪ್ಪ. ಕಾರ್ಬುರೇಟರ್ ರಿಪೇರಿ ಮಾಡಿದವರನ್ನ ಕೇಳಿ."

ರಿಪೇರಿ ಮಾಡಿದವಳು ಎರಡು ಹೆಜ್ಜೆ ಆಚೆ ನಿಂತಿದ್ದಳು. ಭಾವನ ಸ್ವಂತ ನಾದಿನಿ, ಅಕ್ಕನ ತಂಗಿ. ಕ್ಲಬ್ಬಿನವರು ಅವಳನ್ನು ಹಲ್ಲಿನ ಮೇಡಂ ಎಂದು ಕರೆಯುತ್ತಿದ್ದರು, ಏಕೆಂದರೆ ವಾರದ ಆರು ದಿನ ಅವಳು ದಂತವೈದ್ಯರ ಲ್ಯಾಬಿನಲ್ಲಿ ಕಟ್ಟುಹಲ್ಲು ಮಾಡುತ್ತಿದ್ದಳು. ಭೌತಶಾಸ್ತ್ರದಲ್ಲಿ ಪದವಿ ಪಡೆದವಳು ಹಲ್ಲಿನ ಲ್ಯಾಬಿಗೆ ಬಂದದ್ದು ಹೇಗೆಂದು ಯಾರಾದರೂ ಕೇಳಿದರೆ, ಭೌತಶಾಸ್ತ್ರದ ಪದವಿ ಪಡೆದವರೆಲ್ಲ ಎಲ್ಲಾದರೂ ಒಂದು ಕಡೆ ಬರಲೇಬೇಕಲ್ಲ ಎನ್ನುತ್ತಿದ್ದಳು. ಕೂದಲೆಳೆಯಷ್ಟು ಎತ್ತರ ತಗ್ಗನ್ನು ಬೆರಳಿನಲ್ಲೇ ಗುರುತಿಸುವ ಅಭ್ಯಾಸ ಅವಳಿಗೆ ಅಲ್ಲಿ ಬಂದಿತ್ತು. ಆರು ವರ್ಷದ ಹಿಂದೆ ಭಾವ ತಮ್ಮ ಮೊದಲ ಎಂಜಿನ್ನಿನ ಕಾರ್ಬುರೇಟರನ್ನು ಬಿಚ್ಚಿ, ಜೋಡಿಸಲು ಬಾರದೆ, ಬಿಡಿಭಾಗಗಳನ್ನು ಬಟ್ಟಲಿನಲ್ಲಿ ಹಾಕಿಕೊಂಡು ಅವಳ ಮನೆಗೆ ಬಂದಿದ್ದರು. ಅವಳು ಜೋಡಿಸಿಕೊಟ್ಟಳು. ಅಂದಿನಿಂದ ಕ್ಲಬ್ಬಿನ ಹದಿನಾಲ್ಕೂ ಎಂಜಿನ್‌ಗಳು ಸರದಿಯ ಮೇಲೆ ಅವಳ ಮೇಜಿಗೆ ಬರತೊಡಗಿದವು, ಜೊತೆಗೆ ಒಂದು ಹುದ್ದೆಯೂ ಬಂತು. ಎಂಜಿನ್ ಪರೀಕ್ಷಕರು. ಸಂಬಳವಿಲ್ಲ, ಕುರ್ಚಿಯಿಲ್ಲ. ಒಂದು ಸಹಿ ಇತ್ತು.

ಆ ಸಹಿಯ ಬೆಲೆ ಹೀಗೆ. ಮೈದಾನ ಪಕ್ಕದ ಗಿರಣಿಯವರದು. ಪ್ರತಿ ಎಂಜಿನ್ನಿಗೂ ವರ್ಷಕ್ಕೊಂದು ಪರೀಕ್ಷಾ ಪತ್ರ ತುಂಬಿ, ಪರೀಕ್ಷಕರ ಸಹಿ ಹಾಕಿಸಿ ಕಳಿಸಿದರೆ ಮಾತ್ರ ಅಲ್ಲಿ ಹಾರಿಸಲು ಅನುಮತಿ. ಲ್ಯಾಬಿನಲ್ಲಿ ಅವಳು ಮಾಡಿದ ಹಲ್ಲು ವೈದ್ಯರ ಹೆಸರಿನಲ್ಲಿ ಜನರ ಬಾಯಿ ಸೇರುತ್ತಿತ್ತು. ಇಪ್ಪತ್ತು ವರ್ಷದಲ್ಲಿ ಯಾವ ಬಾಯಿಯೂ ಅವಳ ಹೆಸರು ಹೇಳಿರಲಿಲ್ಲ. ಅವಳು ಮಾಡಿದ ಕೆಲಸದ ಕೆಳಗೆ ಅವಳದೇ ಹೆಸರು ಬೀಳುತ್ತಿದ್ದ ಜಾಗ ಈ ಭೂಮಿಯ ಮೇಲೆ ಆ ಪತ್ರ ಒಂದೇ. ಇದನ್ನು ಅವಳು ಯಾರಿಗೂ ಹೇಳಿಕೊಂಡಿರಲಿಲ್ಲ. ಸಹಿ ಹಾಕುವಾಗ ಮಾತ್ರ ಒಳ್ಳೆಯ ಪೆನ್ನು ಹುಡುಕುತ್ತಿದ್ದಳು.

ಆ ದಿನ ಹುಲ್ಲಿನಿಂದ ವಿಮಾನವನ್ನು ಎತ್ತಿ ತರುವಷ್ಟರಲ್ಲಿ ಕ್ಲಬ್ಬಿನ ಕಾರ್ಯದರ್ಶಿಗಳು ಒಂದು ತೀರ್ಮಾನಕ್ಕೆ ಬಂದಿದ್ದರು. ತೀರ್ಮಾನಕ್ಕೆ ಬರುವುದರಲ್ಲಿ ಅವರದು ಎತ್ತಿದ ಕೈ. ಕಾರಣ ಆಮೇಲೆ ನಿಧಾನವಾಗಿ ಬಂದು ಸೇರಿಕೊಳ್ಳುತ್ತಿತ್ತು. ಅವರ ಪಕ್ಕದಲ್ಲಿ ಹೊಸದಪ್ಪ ನಿಂತಿದ್ದರು. ಎಂಜಿನ್ ಮಾರುವ ಅಂಗಡಿಯ ಮಾಲೀಕರು ಅವರು. ಯಾವ ತೊಂದರೆ ಹೇಳಿದರೂ "ಹೊಸದು ಹಾಕಿಸಿಬಿಡಿ" ಎನ್ನುತ್ತಿದ್ದುದರಿಂದ ಆ ಹೆಸರು. ಬರುವ ಭಾನುವಾರ ಇದೇ ವಿಮಾನ ಸಮಿತಿಯ ಎದುರು ಹತ್ತು ನಿಮಿಷ ಹಾರಬೇಕು, ಎಂಜಿನ್ ನಿಂತರೆ ಪರೀಕ್ಷಕರ ಸಹಿ ಹೊಸದಪ್ಪನವರಿಗೆ ಹೋಗುತ್ತದೆ ಎಂದು ಕಾರ್ಯದರ್ಶಿಗಳು ತಿಳಿಸಿದರು. ಇದರಲ್ಲಿ ವೈಯಕ್ತಿಕವಾದದ್ದು ಏನೂ ಇಲ್ಲ ಎಂದೂ ಸೇರಿಸಿದರು. ಹೊಸದಪ್ಪ ಬಹಳ ದುಃಖದಿಂದ ತಲೆಯಾಡಿಸಿದರು. ಅಷ್ಟು ದುಃಖ ಅವರ ಮುಖದಲ್ಲಿ ಕಂಡದ್ದು, ಗಿರಾಕಿಯೊಬ್ಬರು ಹಳೆಯ ಎಂಜಿನ್ನೇ ಸಾಕು ಎಂದ ದಿನ ಮಾತ್ರ.

ಸೋಮವಾರ ಲ್ಯಾಬಿನಿಂದ ಬಂದವಳೇ ಅವಳು ಕಾರ್ಬುರೇಟರನ್ನು ಬಿಳಿಯ ಹೆಂಚಿನ ತುಂಡಿನ ಮೇಲೆ ಇಟ್ಟುಕೊಂಡು ಕುಳಿತಳು. ಇದು ಹನ್ನೊಂದನೆಯ ಸಲ. ಎಂಜಿನ್ ನಿಂತದ್ದು ಎರಡು ಸಲವಾದರೂ ಕೆಮ್ಮಿದ್ದು ಅನೇಕ ಸಲ. ಕೆಮ್ಮಿದಾಗಲೆಲ್ಲ ಭಾವ ರೆಕ್ಕೆ ಕಳಚಿದ ವಿಮಾನವನ್ನು ಕಂಕುಳಲ್ಲಿ ಇಟ್ಟುಕೊಂಡು ಬರುತ್ತಿದ್ದರು. ರೋಗಲಕ್ಷಣ ಹೇಳಿ ಎಂದರೆ, "ಒಂಥರಾ ಮುನಿಸಿಕೊಂಡ ಹಾಗೆ ಸದ್ದು ಮಾಡುತ್ತಮ್ಮ" ಎನ್ನುತ್ತಿದ್ದರು. ಎಷ್ಟು ವೇಗದಲ್ಲಿ, ಮೂತಿ ಮೇಲಿದ್ದಾಗಲೋ ಕೆಳಗಿದ್ದಾಗಲೋ ಎಂದು ಕೇಳಿದರೆ, ಅದನ್ನೆಲ್ಲ ನೋಡುತ್ತ ಕೂತರೆ ಹಾರಿಸುವುದು ಯಾವಾಗ ಎಂದು ಮರುಪ್ರಶ್ನೆ.

ಇರಲಿ. ಕಿಡಿ ಹೊತ್ತಿಸುವ ಪ್ಲಗ್ ಮಾತ್ರ ಸುಳ್ಳು ಹೇಳುವುದಿಲ್ಲ. ಪ್ರತಿ ಸಲವೂ ಅದು ಕಪ್ಪಗೆ, ಒದ್ದೆಯಾಗಿ ಬಂದಿತ್ತು. ಎಂದರೆ ಎಂಜಿನ್ ಸತ್ತದ್ದು ಹಸಿವಿನಿಂದಲ್ಲ, ಅಜೀರ್ಣದಿಂದ. ಎಲ್ಲಿಂದಲೋ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಒಳಗೆ ನುಗ್ಗುತ್ತಿದೆ.

ಅದು ನುಗ್ಗಬಹುದಾದ ದಾರಿಗಳು ಕಡಿಮೆ. ಈ ಬಗೆಯ ಕಾರ್ಬುರೇಟರಿನ ಒಳಗೆ ನಾಣ್ಯದಷ್ಟಗಲದ ಒಂದು ರಬ್ಬರ್ ಪೊರೆ ಇರುತ್ತದೆ. ಪೊರೆಯ ಒಂದು ಬದಿಗೆ ಪೆಟ್ರೋಲ್, ಇನ್ನೊಂದು ಬದಿಗೆ ಹೊರಗಿನ ಗಾಳಿ. ಎಂಜಿನ್ ಪೆಟ್ರೋಲನ್ನು ಎಳೆದುಕೊಂಡ ಹಾಗೆ ಪೊರೆ ಒಳಕ್ಕೆ ಬಾಗಿ ಒಂದು ಪುಟ್ಟ ಸನ್ನೆಕೋಲನ್ನು ಒತ್ತುತ್ತದೆ. ಸನ್ನೆ ಒಂದು ಸೂಜಿಯನ್ನು ಎತ್ತುತ್ತದೆ. ಸೂಜಿ ಎದ್ದರೆ ಇನ್ನಷ್ಟು ಪೆಟ್ರೋಲ್ ಬರುತ್ತದೆ. ಹೊರಗಿನ ಗಾಳಿ ಪೊರೆಯನ್ನು ಮುಟ್ಟಲೆಂದು ತಗಡಿನ ಮುಚ್ಚಳದಲ್ಲಿ ಗುಂಡುಸೂಜಿ ಹೋಗುವಷ್ಟು ತೂತು ಕೊಟ್ಟಿರುತ್ತಾರೆ. ಇಷ್ಟೇ ಯಂತ್ರ. ಸಂಸಾರಕ್ಕಿಂತ ಎಷ್ಟೋ ಸರಳ ಎಂದು ಅಕ್ಕ ಒಮ್ಮೆ ಇದನ್ನೆಲ್ಲ ಕೇಳಿ ಹೇಳಿದ್ದಳು.

ಸನ್ನೆ ಎತ್ತರವಾಗಿದ್ದರೆ ಪೆಟ್ರೋಲ್ ಹೆಚ್ಚು. ಅವಳು ಉಕ್ಕಿನ ಸ್ಕೇಲನ್ನು ಅಡ್ಡ ಇಟ್ಟು ನೋಡಿದಳು. ಸನ್ನೆ ಅಂಚಿಗೆ ಸಮವಾಗಿತ್ತು. ಸೂಜಿಯ ತುದಿ ಸವೆದಿದ್ದರೆ ಸೋರಿಕೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ನೋಡಿದಳು, ತುದಿ ನುಣುಪಾಗಿತ್ತು. ಪೊರೆ ಗಟ್ಟಿಯಾಗಿದ್ದರೆ, ಗ್ಯಾಸ್ಕೆಟ್ ತಿರುವುಮುರುವಾಗಿದ್ದರೆ, ಸ್ಪ್ರಿಂಗ್ ಸೊರಗಿದ್ದರೆ, ಒಳಗಿನ ಜರಡಿಯಲ್ಲಿ ಕಸ ಸಿಕ್ಕಿದ್ದರೆ. ಯಾವುದೂ ಇರಲಿಲ್ಲ. ಎಲ್ಲವನ್ನೂ ತೊಳೆದು, ಗಾಳಿ ಹಾಯಿಸಿ, ಮತ್ತೆ ಜೋಡಿಸಿ, ಪೆಟ್ರೋಲ್ ಬರುವ ಬಾಯಿಗೆ ಸಿರಿಂಜಿನಿಂದ ಒತ್ತಡ ಕೊಟ್ಟು ನೀರಿನ ಲೋಟದಲ್ಲಿ ಮುಳುಗಿಸಿದಳು. ಒಂದು ಗುಳ್ಳೆ ಇಲ್ಲ. ಮಂಗಳವಾರ ಎಂಜಿನ್ನನ್ನು ಹಿತ್ತಲಿನ ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದು ಓಡಿಸಿದಳು. ಅದು ಇಪ್ಪತ್ತು ನಿಮಿಷ ಹೊಲಿಗೆ ಯಂತ್ರದ ಹಾಗೆ ಓಡಿತು. ಪಕ್ಕದ ಮನೆಯವರು ಕಿಟಕಿ ಮುಚ್ಚಿ ತಮ್ಮ ಅಭಿಪ್ರಾಯ ತಿಳಿಸಿದರು.

ಕೆಟ್ಟ ಯಂತ್ರ ಸರಿಯಾಗಿ ನಡೆದರೆ ಅದಕ್ಕಿಂತ ದೊಡ್ಡ ಅವಮಾನ ದುರಸ್ತಿಯವರಿಗೆ ಬೇರೆ ಇಲ್ಲ. ಬುಧವಾರ ಅವಳು ಕಾರ್ಬುರೇಟರನ್ನು ಮುಟ್ಟಲಿಲ್ಲ. ಹಳೆಯ ನೋಟ್‌ಬುಕ್ ತೆಗೆದಳು. ಒಂದು ಸಲಕ್ಕೆ ಒಂದೇ ಅಂಶ ಬದಲಿಸಬೇಕು, ಉಳಿದದ್ದೆಲ್ಲ ಹಾಗೆಯೇ ಇರಬೇಕು ಎಂದು ಕಾಲೇಜಿನಲ್ಲಿ ಕಲಿತದ್ದನ್ನು ಅವಳು ಮದುವೆಯ ಮಂತ್ರಕ್ಕಿಂತ ಶ್ರದ್ಧೆಯಿಂದ ಪಾಲಿಸಿದ್ದಳು. ಒಂದು ಪುಟದಲ್ಲಿ ಪೊರೆ ಹೊಸದು, ಒಂದರಲ್ಲಿ ಸೂಜಿ ಹೊಸದು, ಇನ್ನೊಂದರಲ್ಲಿ ಸನ್ನೆ ಕಾಲು ಮಿಲಿಮೀಟರ್ ತಗ್ಗು. ಹನ್ನೊಂದು ಪುಟಗಳ ಕೊನೆಯಲ್ಲೂ ಒಂದೇ ಷರಾ: ಸ್ಟ್ಯಾಂಡಿನ ಮೇಲೆ ದೋಷ ಕಾಣಲಿಲ್ಲ.

ಹನ್ನೊಂದು ಪುಟಗಳ ಮೊದಲಲ್ಲೂ ಒಂದೇ ಸಾಲು ಇತ್ತು. ಅದನ್ನು ಬರೆದವಳೂ ಅವಳೇ, ಓದದೆ ಬಿಟ್ಟವಳೂ ಅವಳೇ. ಕೌಲ್ ತೆಗೆಯಲಾಯಿತು.

ಕೌಲ್ ಎಂದರೆ ವಿಮಾನದ ಮುಂದೆ ಎಂಜಿನ್ನನ್ನು ಮುಚ್ಚುವ ಮೂತಿ. ಭಾವ ನಾಲ್ಕು ತಿಂಗಳು ಕೂತು ಫೈಬರ್‌ಗ್ಲಾಸಿನಲ್ಲಿ ಎರಕ ಹೊಯ್ದು, ಉಜ್ಜಿ, ಒಂಬತ್ತು ಪದರ ಬಣ್ಣ ಬಳಿದು ಮಾಡಿದ್ದರು. ಗಾಳಿ ಹೋಗಲು ಅದಕ್ಕೊಂದು ದೊಡ್ಡ ನಗುವ ಬಾಯಿ. ಅಳಿಯ, ಮಗಳು, ಹಾಲಿನವನು ಹೀಗೆ ಮನೆಗೆ ಬಂದವರೆಲ್ಲ ಅದನ್ನು ನೋಡಿ ಮೆಚ್ಚಿದ ಮೇಲೆಯೇ ಕೂರಬೇಕಿತ್ತು. ಅಂಥದ್ದಕ್ಕೆ ಗೀರು ಬೀಳಬಾರದೆಂದು ಅವಳು ಪ್ರತಿ ಸಲವೂ ಎಲ್ಲಕ್ಕಿಂತ ಮೊದಲು ಅದನ್ನು ಬಿಚ್ಚಿ, ಮೆತ್ತನೆಯ ಟವೆಲಿನಲ್ಲಿ ಸುತ್ತಿ, ಅಲಮಾರಿನ ಮೇಲಿಡುತ್ತಿದ್ದಳು. ಬೇಡದ ಅಂಶಗಳನ್ನೆಲ್ಲ ಹೀಗೆ ಬದಿಗಿಟ್ಟು, ಉಳಿದದ್ದನ್ನು ಹನ್ನೊಂದು ಸಲ ಅತ್ಯಂತ ವೈಜ್ಞಾನಿಕವಾಗಿ ಪರೀಕ್ಷಿಸಿದ್ದಳು.

ಅವಳು ಎದ್ದು ಟವೆಲ್ ಬಿಚ್ಚಿದಳು. ಕೌಲನ್ನು ಎಂಜಿನ್ನಿನ ಮುಂದೆ ಹಿಡಿದು ಆ ನಗುವ ಬಾಯಿಯಿಂದ ಒಳಗೆ ಇಣುಕಿದಳು. ನೇರ ಎದುರಿಗೆ, ಬೇಕೆಂದೇ ಗುರಿಯಿಟ್ಟ ಹಾಗೆ, ಕಾರ್ಬುರೇಟರಿನ ಮುಚ್ಚಳದ ಆ ಗುಂಡುಸೂಜಿ ತೂತು ಕಂಡಿತು.

ಗುರುವಾರ ಅಕ್ಕನನ್ನು ಕರೆಸಿಕೊಂಡಳು. ಮುಚ್ಚಳದ ತೂತಿನ ಮೇಲೆ ತೆಳುವಾದ ರಬ್ಬರ್ ಕೊಳವೆಯೊಂದನ್ನು ಮೇಣದಿಂದ ಕೂರಿಸಿ, ಅದರ ಇನ್ನೊಂದು ತುದಿಯನ್ನು ಪ್ರೊಪೆಲ್ಲರಿನ ತಂಟೆಯಿಲ್ಲದ ಕಡೆ, ಸ್ಟ್ಯಾಂಡಿನ ಹಿಂದೆ ಮೂರು ಮೀಟರ್ ದೂರಕ್ಕೆ ಎಳೆದು ಅಕ್ಕನ ಕೈಗೆ ಕೊಟ್ಟಳು. ತಾನು ವೇಗ ಏರಿಳಿಸುವ ಥ್ರಾಟಲ್ ನೋಡಿಕೊಳ್ಳುವುದಾಗಿಯೂ, ಕೈ ಎತ್ತಿದಾಗ ಊದಬೇಕೆಂದೂ ಹೇಳಿದಳು.

"ಜೋರಾಗಿ ಊದಬೇಕೇನೆ?" ಎಂದಳು ಅಕ್ಕ.

"ಬಿಸಿ ಹಾಲು ಆರಿಸೋ ಅಷ್ಟು ಸಾಕು."

"ಸರಿ. ನಿಮ್ಮ ಭಾವನ ಮಾತು ಕೇಳ್ತಾ ಕೂರೋದಕ್ಕಿಂತ ಇದೇ ವಾಸಿ."

ಎಂಜಿನ್ ಹೊಲಿಗೆ ಯಂತ್ರವಾಗಿ ಓಡುತ್ತಿತ್ತು. ಅವಳು ಕೈ ಎತ್ತಿದಳು, ಅಕ್ಕ ಊದಿದಳು. ಸದ್ದು ದಪ್ಪಗಾಯಿತು, ಹೊಗೆ ಕಪ್ಪಾಯಿತು, ಎಂಜಿನ್ ಎರಡು ಸಲ ಕೆಮ್ಮಿತು. ಭಾವ ಹೇಳುತ್ತಿದ್ದ ಮುನಿಸು ಇದೇ. ಅಕ್ಕ ಉಸಿರು ತೆಗೆದುಕೊಳ್ಳಲು ಬಾಯಿ ತೆಗೆದಾಗ ಸದ್ದು ತಿಳಿಯಾಯಿತು. ಇನ್ನೊಮ್ಮೆ ಊದಿದಾಗ ನಿಂತೇಹೋಯಿತು. ಪ್ಲಗ್ ಬಿಚ್ಚಿದರೆ ಕಪ್ಪು, ಒದ್ದೆ. ವಿಮಾನ ಮೂತಿ ಕೆಳಗೆ ಮಾಡಿ ವೇಗ ಹಿಡಿದಾಗಲೆಲ್ಲ ಭಾವನ ಕೌಲ್ ಇದೇ ಕೆಲಸವನ್ನು ಅಕ್ಕನಿಗಿಂತ ಅಚ್ಚುಕಟ್ಟಾಗಿ ಮಾಡುತ್ತಿತ್ತು: ಗಾಳಿಯನ್ನು ಬಾಯಿ ತುಂಬ ಹಿಡಿದು ತೂತಿನೊಳಕ್ಕೆ ಊದುತ್ತಿತ್ತು, ಪೊರೆ ಬಾಗುತ್ತಿತ್ತು, ಸೂಜಿ ಏಳುತ್ತಿತ್ತು.

"ಅಂದ್ರೆ ತಪ್ಪು ನಿಂದಲ್ಲ, ಅವರದು," ಎಂದಳು ಅಕ್ಕ. ಇಪ್ಪತ್ತೆಂಟು ವರ್ಷದ ದಾಂಪತ್ಯದಲ್ಲಿ ಇಂಥ ಕಣ್ಣೆದುರಿನ ಪುರಾವೆ ಅವಳಿಗೆ ಸಿಕ್ಕಿದ್ದು ಇದೇ ಮೊದಲು. ಮುಖದಲ್ಲಿ ಒಂದು ಕಾಂತಿ ಬಂದಿತ್ತು.

ತಂಗಿಗೂ ಸಂಜೆಯವರೆಗೆ ಅದೇ ಕಾಂತಿ ಇತ್ತು. ಸಂಜೆ ಭಾನುವಾರಕ್ಕೆಂದು ಪರೀಕ್ಷಾ ಪತ್ರ ತುಂಬಲು ಕೂತಾಗ ಆರನೆಯ ಸಾಲಿಗೆ ಬಂದು ಪೆನ್ನು ನಿಂತಿತು. 'ಹಾರುವ ಸ್ಥಿತಿಯಲ್ಲಿ ಎಂಜಿನ್ ಓಡಿಸಿ ಪರೀಕ್ಷಿಸಲಾಗಿದೆ.' ಅದರ ಮುಂದಿನ ಚೌಕದಲ್ಲಿ ಆರು ವರ್ಷದಿಂದ, ಹದಿನಾಲ್ಕು ಎಂಜಿನ್‌ಗಳಿಗೆ, ಅವಳು ಕಣ್ಣು ಮುಚ್ಚಿ ಗುರುತು ಹಾಕಿದ್ದಳು. ಒಂದನ್ನೂ ಕೌಲ್ ಹಾಕಿ ಓಡಿಸಿರಲಿಲ್ಲ. ಮೂತಿಯಿಲ್ಲದೆ, ರೆಕ್ಕೆಯಿಲ್ಲದೆ, ಕಬ್ಬಿಣದ ಸ್ಟ್ಯಾಂಡಿಗೆ ಕಟ್ಟಿಹಾಕಿದ ಸ್ಥಿತಿಯನ್ನು ಹಾರುವ ಸ್ಥಿತಿ ಎಂದು ಬರೆದು, ಕೆಳಗೆ ಒಳ್ಳೆಯ ಪೆನ್ನಿನಲ್ಲಿ ಸಹಿ ಮಾಡಿದ್ದಳು. ಭಾವ ತಪ್ಪು ಮಾಡಿದ್ದು ಒಂದು ಕೌಲಿನಲ್ಲಿ. ಅವಳ ಲೆಕ್ಕ ಎಂಬತ್ತನಾಲ್ಕು ಪತ್ರ.

ಶುಕ್ರವಾರ ಭಾವನಿಗೆ ವಿಷಯ ತಿಳಿಸಿದಳು. ಅವರು ಮೊದಲು ನಕ್ಕರು, ಆಮೇಲೆ ನಗಲಿಲ್ಲ. ಅಷ್ಟು ಚಂದದ ಕೌಲು ಎಂಜಿನ್ನನ್ನು ಕೊಲ್ಲುತ್ತದೆ ಎಂದರೆ ಯಾರು ನಂಬುತ್ತಾರೆ ಎಂದರು. ಅಕ್ಕ ತಾನು ನಂಬುತ್ತೇನೆ ಎಂದಳು.

"ಈಗ ಅದಕ್ಕೆ ತೂತು ಕೊರೀತೀಯಾ?" ಎಂದು ಕೇಳುವಾಗ ಭಾವನ ದನಿ ಆಸ್ಪತ್ರೆಯ ವರಾಂಡದಲ್ಲಿ ನಿಂತವರ ಹಾಗಿತ್ತು.

"ಕೌಲ್ ಮುಟ್ಟಲ್ಲ ಭಾವ. ಮುಚ್ಚಳದ ತೂತಿಗೆ ಹಿತ್ತಾಳೆ ಕೊಳವೆ ಬೆಸೆದು, ರಬ್ಬರ್ ಪೈಪಲ್ಲಿ ವಿಮಾನದ ಹೊಟ್ಟೆಯೊಳಗೆ ಬಿಡ್ತೀನಿ. ಅಲ್ಲಿ ಗಾಳಿ ಸುಮ್ಮನಿರುತ್ತೆ."

ಭಾವ ಬಹಳ ಹೊತ್ತು ಯೋಚಿಸಿದರು. ಅವರು ಕೆಟ್ಟವರಲ್ಲ, ಬರೀ ವಿಮಾನ ಇರುವವರು. ಕೊನೆಗೆ ದನಿ ತಗ್ಗಿಸಿ ಒಂದು ದಾರಿ ಹೇಳಿಕೊಟ್ಟರು. ಭಾನುವಾರ ಹೇಗೂ ವಿಮಾನ ಹಾರುತ್ತದೆ. ಯಾರಾದರೂ ಕೇಳಿದರೆ ಕಾರ್ಬುರೇಟರಿನಲ್ಲಿ ಏನೋ ಸಣ್ಣದು ಇತ್ತು, ಸರಿಮಾಡಿದೆ ಎಂದರಾಯಿತು. ಸಹಿ ಅವಳ ಹತ್ತಿರ ಉಳಿಯುತ್ತದೆ, ಕೌಲಿನ ಮಾನವೂ ಉಳಿಯುತ್ತದೆ. "ಮನೆ ಮಾತು ಮನೇಲೇ ಇರಲಿ. ಯಾರಿಗೆ ಏನು ನಷ್ಟ ಹೇಳು?"

ಯಾರಿಗೂ ನಷ್ಟ ಇರಲಿಲ್ಲ. ಅದೇ ಅವಳಿಗೆ ಎರಡು ದಿನ ಕಾಟ ಕೊಟ್ಟಿತು. ಶನಿವಾರ ಲ್ಯಾಬಿನಲ್ಲಿ ಹಿತ್ತಾಳೆ ಕೊಳವೆಯನ್ನು ಬೆಸೆಯುತ್ತ, ಸುಳ್ಳು ಹೇಳಿದರೆ ಸಹಿ ಉಳಿಯುತ್ತದೆ, ನಿಜ ಹೇಳಿದರೆ ಹೋಗುತ್ತದೆ, ಆದರೆ ಸುಳ್ಳು ಹೇಳಿ ಉಳಿಸಿಕೊಂಡ ಸಹಿಯನ್ನು ನಾಳೆಯಿಂದ ಏನೆಂದು ಹಾಕಲಿ ಎಂದು ಯೋಚಿಸಿದಳು. ಬೆಸುಗೆ ಚೆನ್ನಾಗಿ ಬಂತು. ಯೋಚನೆ ಮಾತ್ರ ಕೂಡಿಕೊಳ್ಳಲಿಲ್ಲ.

ಭಾನುವಾರ ಸಮಿತಿ ತಗಡಿನ ಚಪ್ಪರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಗಂಭೀರವಾಗಿ ಕುಳಿತಿತ್ತು. ಹೊಸದಪ್ಪ ಸಹಿಗೆಂದು ಅಂಗಿಯ ಜೇಬಿನಲ್ಲಿ ಪೆನ್ನು ಸಿಕ್ಕಿಸಿಕೊಂಡೇ ಬಂದಿದ್ದರು. ಭಾವ ವಿಮಾನವನ್ನು ಏರಿಸಿದರು, ಸುತ್ತಿಸಿದರು, ತಲೆಕೆಳಗು ಮಾಡಿದರು. ಐದನೆಯ ನಿಮಿಷದಲ್ಲಿ ಮೂತಿಯನ್ನು ನೆಲದತ್ತ ತಿರುಗಿಸಿ ಪೂರ್ತಿ ವೇಗದಲ್ಲಿ ಇಳಿಸಿದರು. ಅವಳು ಕೆಮ್ಮಿಗಾಗಿ ಕಿವಿಗೊಟ್ಟಳು. ಎಂಜಿನ್ನಿಗೆ ಅವಳ ಪರಿವೆಯೇ ಇರಲಿಲ್ಲ; ಒಂದೇ ರಾಗದಲ್ಲಿ ಹಾಡಿಕೊಂಡು ಹತ್ತು ನಿಮಿಷ ಮುಗಿಸಿ ಬಂದು ನಿಂತಿತು.

ಕಾರ್ಯದರ್ಶಿಗಳು ಅಭಿನಂದಿಸಿದರು, ದಾಖಲೆಗೆ ಬೇಕು, ದೋಷ ಏನಿತ್ತು ಎಂದು ಕೇಳಿದರು. ಭಾವ ಆಕಾಶ ನೋಡಿದರು. ಕಾರ್ಬುರೇಟರ್ ಎಂದು ತಾನು ಮೊದಲೇ ಹೇಳಿರಲಿಲ್ಲವೇ ಎಂದು ಹೊಸದಪ್ಪ ಅಕ್ಕಪಕ್ಕದವರಿಗೆ ನೆನಪಿಸಿದರು.

"ಕಾರ್ಬುರೇಟರಲ್ಲಿ ದೋಷ ಇರಲಿಲ್ಲ," ಎಂದಳು ಅವಳು. ತೂತು, ಗಾಳಿ, ಪೊರೆ, ಕೌಲ್ ಎಲ್ಲವನ್ನೂ ಎರಡು ನಿಮಿಷದಲ್ಲಿ ವಿವರಿಸಿದಳು. ನಿಲ್ಲಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. "ಇನ್ನೊಂದು ವಿಷಯ. ನಾನು ಯಾವತ್ತೂ ಕೌಲ್ ಹಾಕಿ ಪರೀಕ್ಷೆ ಮಾಡಿಲ್ಲ. ಆರನೇ ಸಾಲಿಗೆ ಹಾಕಿದ ಗುರುತು ತಪ್ಪು. ಇದೊಂದಕ್ಕಲ್ಲ, ಎಲ್ಲ ಎಂಜಿನ್‌ಗೂ, ಆರು ವರ್ಷವೂ."

ಹೊಸದಪ್ಪನ ಕೈ ಜೇಬಿನ ಪೆನ್ನಿನ ಹತ್ತಿರ ಹೋಯಿತು. ಅಷ್ಟರಲ್ಲಿ ಸಮಿತಿಯ ಹಿರಿಯರೊಬ್ಬರಿಗೆ ಒಂದು ಅನುಮಾನ ಬಂತು. ಆ ಪತ್ರಗಳು ತಪ್ಪೆಂದಾದರೆ, ಆರು ವರ್ಷ ಎಲ್ಲರೂ ಗಿರಣಿಯವರ ಮೈದಾನದಲ್ಲಿ ಅನುಮತಿಯಿಲ್ಲದೆ ಹಾರಿಸಿದ ಹಾಗಾಗುವುದಿಲ್ಲವೇ? ಪ್ರತಿ ಪತ್ರದ ಕೆಳಗೂ ಕಾರ್ಯದರ್ಶಿಗಳ ದೃಢೀಕರಣ ಇದೆಯಲ್ಲವೇ? ಇದೆ ಎಂದು ಕಾರ್ಯದರ್ಶಿಗಳಿಗೆ ನೆನಪಾಯಿತು. ತನ್ನ ಮೂರು ವಿಮಾನಗಳ ಪತ್ರವೂ ಆ ಕಡತದಲ್ಲೇ ಇದೆ ಎಂದು ಹೊಸದಪ್ಪನಿಗೂ ನೆನಪಾಯಿತು. ಪೆನ್ನಿನಿಂದ ಕೈ ಕೆಳಗಿಳಿಯಿತು.

ಸಮಿತಿ ಇಪ್ಪತ್ತು ನಿಮಿಷ ತಲೆಗೆ ತಲೆ ಕೊಟ್ಟು ಪಿಸುಗುಟ್ಟಿ, ಒಂದು ನಿರ್ಣಯ ಹೊರಡಿಸಿತು. ಎಂಜಿನ್ ತಿರುಗಬಲ್ಲ ಯಾವುದೇ ಸ್ಥಿತಿಯನ್ನು ಹಾರುವ ಸ್ಥಿತಿ ಎಂದು ತಿಳಿಯತಕ್ಕದ್ದು. ಇದು ಆರು ವರ್ಷ ಹಿಂದಿನಿಂದಲೇ ಜಾರಿಯಲ್ಲಿರತಕ್ಕದ್ದು. ಪರೀಕ್ಷಕರು ಎಂದಿನಂತೆ ಮುಂದುವರಿಯತಕ್ಕದ್ದು. ಹೊಸದಪ್ಪ ಅನುಮೋದಿಸಿದರು. ಸುಳ್ಳು ಹೇಳಿದ್ದರೆ ಎಷ್ಟು ಸುಲಭವಾಗಿ ಸಹಿ ಉಳಿಯುತ್ತಿತ್ತೋ ನಿಜ ಹೇಳಿದ್ದಕ್ಕೂ ಅಷ್ಟೇ ಸುಲಭವಾಗಿ ಉಳಿಯಿತು. ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅಕ್ಕ ಮಾತ್ರ ಹಿಂದಿನ ಸಾಲಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ನಿರ್ಣಯವಾದ ಮೇಲೆ ಬಂದ ಮೊದಲ ಪತ್ರ ಕಾರ್ಯದರ್ಶಿಗಳ ವಿಮಾನದ್ದೇ. ಅವರು ಅವಳಿಗೆ ತೊಂದರೆಯಾಗಬಾರದೆಂದು ಕೌಲನ್ನು ಆಗಲೇ ಬಿಚ್ಚಿ, ಪತ್ರವನ್ನು ತುಂಬಿ, ಸಹಿಯ ಜಾಗಕ್ಕೆ ಪೆನ್ಸಿಲಿನಲ್ಲಿ ಕತ್ತರಿ ಗುರುತು ಹಾಕಿ ತಂದರು.

"ಕೌಲ್ ಹಾಕಿ," ಎಂದಳು ಅವಳು.

"ಈಗ ತಾನೇ ನಿರ್ಣಯ ಆಯ್ತಲ್ಲ ಮೇಡಂ."

"ನಿರ್ಣಯ ನಿಮ್ಮದು ಸರ್. ಸಹಿ ನನ್ನದು."

ಅವರು ಸಮಿತಿಯ ಕಡೆ ತಿರುಗಿ ನೋಡಿದರು. ಸಹಿ ಇಲ್ಲದೆ ಯಾರೂ ಹಾರಿಸುವಂತಿಲ್ಲ, ಅದನ್ನು ಕಿತ್ತುಕೊಳ್ಳುವುದಾದರೆ ಕಾರಣ ಬರೆಯಬೇಕು, ಬರೆದ ಕಾರಣ ಗಿರಣಿಗೆ ಹೋಗುತ್ತದೆ. ಸಮಿತಿ ಒಟ್ಟಾಗಿ ಹುಲ್ಲು ನೋಡತೊಡಗಿತು.

ಕೌಲ್ ಹಾಕಿದ ವಿಮಾನವನ್ನು ನಿಲ್ಲಿಸಿ ಓಡಿಸಿದರೆ ಸಾಲದು, ಎದುರುಗಾಳಿ ಬೇಕು ಎಂದು ಅವಳು ಹೇಳಿದಾಗ ಭಾವನೇ ಮುಂದೆ ಬಂದರು. ತಮ್ಮ ಕೌಲಿನ ಮರ್ಯಾದೆ ಹೇಗೂ ಹೋಗಿದೆ, ಉಳಿದವರದ್ದೂ ನೋಡಿಬಿಡೋಣ ಎಂಬ ಉದಾರ ಮನಸ್ಸು. ತಮ್ಮ ಕಾರಿನ ತಲೆಯ ಮೇಲಿನ ಕಂಬಿಗಳಿಗೆ ಕಾರ್ಯದರ್ಶಿಗಳ ವಿಮಾನವನ್ನು ಹಗ್ಗದಿಂದ ಬಿಗಿದರು. ಅವಳು ಪಕ್ಕದ ಸೀಟಿನಲ್ಲಿ ಕೂತು, ರಿಮೋಟ್ ತೊಡೆಯ ಮೇಲಿಟ್ಟು, ಕಿಟಕಿಯಿಂದ ಕಿವಿ ಹೊರಗೆ ಹಾಕಿದಳು. ಕಾರು ಮೈದಾನದ ಅಂಚಿನ ದಾರಿಯಲ್ಲಿ ಮೂವತ್ತು, ಐವತ್ತು, ಎಪ್ಪತ್ತರ ವೇಗ ಹಿಡಿಯಿತು. ತಲೆಯ ಮೇಲೆ ಎಂಜಿನ್ ಕೂಗುತ್ತಿತ್ತು. ಹೋಗುವಾಗ ಎರಡು ಸಲ, ಬರುವಾಗ ಎರಡು ಸಲ.

ಒಂದು ಕೆಮ್ಮೂ ಬರಲಿಲ್ಲ. ಅವಳಿಗೆ ಸ್ವಲ್ಪ ಬೇಸರವೇ ಆಯಿತು. ಆದರೂ ಬಾನೆಟ್ಟಿನ ಮೇಲೆ ಪತ್ರ ಇಟ್ಟುಕೊಂಡು, ಆರನೆಯ ಸಾಲಿನ ಚೌಕದಲ್ಲಿ ನಿಧಾನವಾಗಿ ಗುರುತು ಹಾಕಿ, ಪೆನ್ಸಿಲಿನ ಕತ್ತರಿಯನ್ನು ಅಳಿಸಿ, ಸಹಿ ಮಾಡಿದಳು. ಮುಂದಿನದು ಯಾರದು ಎಂದು ಕೇಳಿದಳು.

ಹೊಸದಪ್ಪನದು. ಅವರ ಕೌಲ್ ಮನೆಯಲ್ಲಿತ್ತು. ತರಲು ಹೋದರು.